ಬಿಜಾಪುರದ ಸಾಮ್ರಿ, ಎರೆಸೀಮೆಯ ವಿಡಿಯೊ ರಾತ್ರಿ

ಮಕ್ಕಳನ್ನು ತಿಂದ. ಹೂತ ಹೆಣ ಅಗೆದು ತಿಂದ. ಅರಸ ತಲೆ ಕಡಿಸಿ ಪೆಟ್ಟಿಗೆಯಲ್ಲಿಟ್ಟ. ಆದರೂ ಅವನು ಕ್ಯಾಸೆಟ್ಟಿನೊಳಗೆ ಕೂತು, ಬಸ್ ಹತ್ತಿ, ನವಲಗುಂದದ ಹಳ್ಳಿಗಳಿಗೆ ಬಂದ! ‘ಪುರಾನಾ ಮಂದಿರ್’ ತೆರೆಕಂಡು ನಾಲ್ಕು ದಶಕ ದಾಟಿತು. ನರಭಕ್ಷಕನ ಆ ಸಿನಿಮಾ ನಮ್ಮ ಕಡೆಯ ಮಂದಿಯ ನಿದ್ದೆ ಕೆಡಿಸಿದ್ದು ಹೇಗೆ?

ಮಧ್ಯರಾತ್ರಿ ಮೀರಿದೆ. ಗುಡಿಯ ಪೌಳಿಯಲ್ಲಿ ಶಾಲೆಯಿಂದ ತಂದ ಮೇಜಿನ ಮೇಲೆ ಕಲರ್ ಟಿ.ವಿ., ಅದರ ಬಗಲಿಗೆ ವಿಸಿಆರ್. ಬಾಡಿಗೆ ಸೆಟ್ಟಿನ ಜೊತೆ ಬಂದ ಹುಡುಗ ಯಾರೂ ಗುಂಡಿ ಒತ್ತದಂತೆ ಕಾವಲು ಕೂತಿದ್ದಾನೆ. ಹಿರಿಯರಿಗೆ ಜಮಖಾನ, ಉಳಿದವರಿಗೆ ನೆಲ. ಶ್ರಾವಣದ ಥಂಡಿಗೆ ಕೌದಿ ಹೊದ್ದು ಬಂದವರೇ ಹೆಚ್ಚು. ಹಗಲೆಲ್ಲ ಜೋಕಾಲಿ ಜೀಕಿ, ಶೇಂಗಾ ಉಂಡಿ ತಿಂದು ಸೋತ ಹುಡುಗರು ಎರಡನೆಯ ಸಿನಿಮಾಕ್ಕೇ ಉರುಳಿದ್ದಾರೆ.

ಮೂರನೆಯ ಕ್ಯಾಸೆಟ್ಟು ಒಳಗೆ ಹೋಗುತ್ತದೆ.

ಗೆರೆಗಳು ಏರಿ ಇಳಿದು, ಬಣ್ಣ ಕದಡಿ, ಕೊನೆಗೊಂದು ಚಿತ್ರ ನಿಲ್ಲುತ್ತದೆ. ಕತ್ತಲು. ಅರಸನ ಪರಿವಾರದ ಗಾಡಿಗಳು ದಾರಿಯಲ್ಲೇ ನಿಂತಿವೆ. ಅರಸನ ಮಗಳು ಹಾಳುಬಿದ್ದ ಗುಡಿಯತ್ತ ಹೋಗುತ್ತಾಳೆ. ಕಥೆ ನಡೆಯುವ ಸೀಮೆಯ ಹೆಸರು ಕಿವಿಗೆ ಬಿದ್ದದ್ದೇ, ಮಲಗಿದ್ದವನೊಬ್ಬ ಎದ್ದು ಕೂರುತ್ತಾನೆ.

“ಯಣ್ಣಾ, ಬಿಜಾಪುರ ಅಂದ್ರ ನಮ್ಮ ಬಿಜಾಪುರನ?”

“ಹೌದು. ಮತ್ತ್ಯಾವ್ದು?”

“ಹಂಗಾದ್ರ ಗೋಳಗುಮ್ಮಟ ಎಲ್ಲೈತಿ?”

“ಸುಮ್ನ ನೋಡಲೇ ತಮ್ಮಾ, ಮುಂದ ಬರ್ತೈತಿ.”

ಗೋಳಗುಮ್ಮಟ ಬರುವುದಿಲ್ಲ. ಸಾಮ್ರಿ ಬರುತ್ತಾನೆ.

ನವಲಗುಂದ ತಾಲ್ಲೂಕಿನ ತಿರ್ಲಾಪುರದಲ್ಲಾಗಲಿ, ಮೊರಬ, ಅಳಗವಾಡಿ, ಶಿರಕೋಳದಲ್ಲಾಗಲಿ, 80ರ ದಶಕದ ಕೊನೆಯಲ್ಲಿ ಹಬ್ಬ-ಜಾತ್ರೆಗಳ ರಾತ್ರಿ ಹೀಗೇ ಕಳೆಯುತ್ತಿತ್ತು. ಆಗ ಹತ್ತು-ಹನ್ನೆರಡು ವಯಸ್ಸಿದ್ದವರು ಈಗ ಮಕ್ಕಳ ಮದುವೆಯ ಓಡಾಟದಲ್ಲಿದ್ದಾರೆ. ಅವರ ಮುಂದೆ ಸಾಮ್ರಿಯ ಹೆಸರೆತ್ತಿ ನೋಡಿ; ಅರ್ಧ ತಾಸಿಗೆ ಮಾತಿನ ಕೊರತೆ ಇರುವುದಿಲ್ಲ.

ದೋಷಾರೋಪ ಪಟ್ಟಿಯ ದೆವ್ವ

‘ಪುರಾನಾ ಮಂದಿರ್’ ಬಂದದ್ದು 1984ರಲ್ಲಿ. ನಿರ್ದೇಶಕರು ತುಳಸಿ ರಾಮ್ಸೆ, ಶ್ಯಾಮ್ ರಾಮ್ಸೆ ಅಣ್ಣತಮ್ಮಂದಿರು. ಕಥೆ ತೊಡಗುವುದು ಇನ್ನೂರು ವರ್ಷಗಳ ಹಿಂದಿನ ಬಿಜಾಪುರದಲ್ಲಿ. ರಾಜಾ ಹರಿಮಾನ್ ಸಿಂಗ್ ಎಂಬವನ ಸೈನಿಕರು ಸಾಮ್ರಿ ಎಂಬ ಮಾಟಗಾರನನ್ನು ಹಿಡಿದು ತರುತ್ತಾರೆ. ಮದುವಣಗಿತ್ತಿಯರನ್ನು ಕೆಡಿಸಿ ಕೊಂದದ್ದು, ಮಕ್ಕಳನ್ನು ತಿಂದದ್ದು, ಹೂತ ಹೆಣಗಳನ್ನು ಹೊರಗೆಳೆದು ತಿಂದದ್ದು, ಹೀಗೆ ಅವನ ಅಪರಾಧಗಳನ್ನು ಒಂದೊಂದಾಗಿ ಓದುತ್ತಾರೆ. ಶಿಕ್ಷೆ, ಶಿರಚ್ಛೇದ. ಮುಂಡವನ್ನು ಹಳೆಯ ಗುಡಿಯ ಹಿಂದೆ ಹುಗಿಯುತ್ತಾರೆ. ತಲೆ ಅರಸನ ಹವೇಲಿಯ ಪೆಟ್ಟಿಗೆಯೊಳಗೆ, ಮೇಲೆ ಶಿವನ ತ್ರಿಶೂಲದ ಕಾವಲು.

ಸಾಯುವ ಮುನ್ನ ಸಾಮ್ರಿ ಶಾಪ ಹಾಕುತ್ತಾನೆ: ಅರಸನ ವಂಶದ ಹೆಣ್ಣುಮಕ್ಕಳೆಲ್ಲ ಹೆರಿಗೆಯಲ್ಲೇ ಸಾಯಬೇಕು. ಇನ್ನೂರು ವರ್ಷ ಕಳೆದು ಆ ವಂಶದ ಹುಡುಗಿ ಸುಮನ್ (ಆರತಿ ಗುಪ್ತಾ), ಅವಳನ್ನು ಮೆಚ್ಚಿದ ಸಂಜಯ್ (ಮೋಹನೀಶ್ ಬೆಹ್ಲ್), ಗೆಳೆಯ ಆನಂದ್ (ಪುನೀತ್ ಇಸ್ಸಾರ್) ಆ ಹವೇಲಿಗೆ ಬರುತ್ತಾರೆ. ಮುಂದಿನದು ಗೊತ್ತೇ ಇದೆ. ಪೆಟ್ಟಿಗೆ ತೆರೆಯದಿದ್ದರೆ ಸಿನಿಮಾ ಎಲ್ಲಿಂದ ಬಂತು?

ಇತಿಹಾಸದ ಲೆಕ್ಕ ಹಿಡಿದರೆ ಈ ಕಥೆ ಒಂದು ಗಳಿಗೆಯೂ ನಿಲ್ಲದು. ಬಿಜಾಪುರದ ಆದಿಲ್‌ಶಾಹಿಯನ್ನು ಔರಂಗಜೇಬ 1686ರಲ್ಲೇ ಮುಗಿಸಿದ್ದ. 1984ರಿಂದ ಇನ್ನೂರು ವರ್ಷ ಹಿಂದೆ ಸರಿದರೆ ಸಿಗುವುದು 1784. ಆಗ ಈ ಭಾಗದಲ್ಲಿ ಮರಾಠರ ಕಾರುಬಾರು. ಮರುವರ್ಷ ಟಿಪ್ಪು ಸುಲ್ತಾನನ ಸೈನ್ಯ ನವಲಗುಂದದ ಪಕ್ಕದ ನರಗುಂದ ಕೋಟೆಗೆ ಮುತ್ತಿಗೆ ಹಾಕಿತು. ಆ ಕಾಲದ ನಿಜವಾದ ಭಯ ಹುಡುಕುವವರು ಅಲ್ಲಿ ಹುಡುಕಬೇಕು. ಹರಿಮಾನ್ ಸಿಂಗ್ ಎಂಬ ಹೆಸರಿನ ಅರಸ ರಾಮ್ಸೆಯವರ ಬಿಜಾಪುರದಲ್ಲಿ ಮಾತ್ರ ಸಿಗುತ್ತಾನೆ.

ಬಿಜಾಪುರದಿಂದ ನವಲಗುಂದಕ್ಕೆ ನಿಜಕ್ಕೂ ಬಂದದ್ದು ಬೇರೆ: ಜಮಖಾನ ನೇಯುವ ಕುಟುಂಬಗಳು. ಆದಿಲ್‌ಶಾಹಿ ಕಾಲದ ಗದ್ದಲದಲ್ಲಿ ಬಿಜಾಪುರ ಬಿಟ್ಟು ಬಂದು ಇಲ್ಲಿ ನೆಲೆಸಿದವರು ಎಂದು ಆ ಮನೆತನಗಳ ಹೇಳಿಕೆ. ನವಿಲು, ಪಗಡೆಹಾಸಿನ ಚಿತ್ತಾರದ ನವಲಗುಂದ ಜಮಖಾನಕ್ಕೆ ಈಗ ಜಿಐ ಮಾನ್ಯತೆಯೂ ಇದೆ. ಇವತ್ತಿಗೂ ಹೆಣ್ಣುಮಕ್ಕಳೇ ನೇಯುವ ಜಮಖಾನ ಅದು.

ರೈಲು ನಿಲ್ಲದ ಊರುಗಳು

ರೈಲು ಕೂಡ ನಿಲ್ಲದ ಊರುಗಳಲ್ಲೇ ನಮ್ಮ ವ್ಯಾಪಾರ ಎಂಬರ್ಥದ ಮಾತನ್ನು ತುಳಸಿ ರಾಮ್ಸೆ ಆಡಿದ್ದುಂಟು. ತಿರ್ಲಾಪುರಕ್ಕೆ ರೈಲು ನಿಲ್ಲುವ ಮಾತು ಹಾಗಿರಲಿ, ಹಳಿಯೇ ಇಲ್ಲ. ರೈಲು ನೋಡಬೇಕೆಂದರೆ ಅಣ್ಣಿಗೇರಿಗೋ ಹುಬ್ಬಳ್ಳಿಗೋ ಹೋಗಬೇಕು. ಮುಂಬಯಿಯ ವಿಮರ್ಶಕರು ಮೂಗು ಮುರಿದ ಈ ಸಿನಿಮಾಗಳಿಗೆ ಅನ್ನ ಹಾಕಿದ್ದು ಇಂಥ ಊರುಗಳು.

ರಾಮ್ಸೆ ಕುಟುಂಬದ ಕಥೆಯೇ ಒಂದು ಸಿನಿಮಾ. ತಂದೆ ಎಫ್.ಯು. ರಾಮಸಿಂಘಾನಿ ಕರಾಚಿಯಲ್ಲಿ ರೇಡಿಯೊ ಅಂಗಡಿ ಇಟ್ಟಿದ್ದವರು. ಆ ಹೆಸರು ಹೊರಳದ ಬ್ರಿಟಿಷ್ ಗಿರಾಕಿಗಳ ಬಾಯಲ್ಲಿ ಅವರು ‘ರಾಮ್ಸೆ’ ಆದರು. ದೇಶ ಒಡೆದ ಮೇಲೆ ಮುಂಬಯಿಗೆ ಬಂದರು. ಸಿನಿಮಾಕ್ಕೆ ಕೈಹಾಕಿ ಕೈ ಸುಟ್ಟುಕೊಂಡರು.

1970ರ ‘ಏಕ್ ನನ್ಹೀ ಮುನ್ನೀ ಲಡಕೀ ಥೀ’ ಸೋತಿತು. ಆದರೆ ಅದರಲ್ಲೊಂದು ಕಳ್ಳತನದ ದೃಶ್ಯವಿತ್ತು. ಪೃಥ್ವಿರಾಜ್ ಕಪೂರ್ ವಿಕಾರ ಮುಖವಾಡ ತೊಟ್ಟು ಬರುತ್ತಾರೆ, ಪೊಲೀಸರ ಗುಂಡು ತಾಗುವುದಿಲ್ಲ. ಜನ ಆ ದೃಶ್ಯಕ್ಕೆ ಮಾತ್ರ ಒಳಗೆ ಬಂದು, ಅದು ಮುಗಿದದ್ದೇ ಎದ್ದು ಹೋಗುತ್ತಿದ್ದುದನ್ನು ಥೇಟರಿನ ಹಿಂದೆ ನಿಂತಿದ್ದ ಮಕ್ಕಳು ಕಂಡರು. ಅಪ್ಪನಿಗೆ ಹೇಳಿದರು: ಬರೀ ಇಂಥದ್ದನ್ನೇ ತೆಗೆಯೋಣ.

ಅಪ್ಪ ಏಳೂ ಗಂಡುಮಕ್ಕಳನ್ನು ಶ್ರೀನಗರದ ದೋಣಿಮನೆಯಲ್ಲಿ ಕೂರಿಸಿ, ಜೋಸೆಫ್ ಮ್ಯಾಸೆಲ್ಲಿ ಬರೆದ ಛಾಯಾಗ್ರಹಣದ ಪುಸ್ತಕವನ್ನು ಓದಿಸಿದರು. ಫಿಲಂ ಸ್ಕೂಲು ಅಷ್ಟೇ! ಕುಮಾರ್ ಕಥೆಗೆ, ಗಂಗು ಕ್ಯಾಮೆರಾಕ್ಕೆ, ಕಿರಣ್ ಧ್ವನಿಗೆ, ಅರ್ಜುನ್ ಸಂಕಲನಕ್ಕೆ, ಕೇಶು ನಿರ್ಮಾಣದ ಓಡಾಟಕ್ಕೆ, ತುಳಸಿ-ಶ್ಯಾಮ್ ನಿರ್ದೇಶನಕ್ಕೆ. 1972ರ ‘ದೋ ಗಜ್ ಜಮೀನ್ ಕೇ ನೀಚೇ’ ತೆಗೆಯಲು ಮನೆಮಂದಿಯೆಲ್ಲ ಬಸ್ ಮಾಡಿಕೊಂಡು ಮಹಾಬಳೇಶ್ವರಕ್ಕೆ ಹೋದರು. ಸರ್ಕಾರಿ ಗೆಸ್ಟ್‌ಹೌಸಿನಲ್ಲಿ ಉಳಿದು ಸುಮಾರು 40 ದಿನದಲ್ಲಿ ಚಿತ್ರೀಕರಣ ಮುಗಿಸಿದರು. ಅಲ್ಲಿಂದ ಮುಂದೆ ಮುಂಬಯಿಯ ಹಾರರ್ ಎಂದರೆ ಈ ಒಂದು ಮನೆ. ಅವರ ದೊಡ್ಡ ಗೆಲುವು ‘ಪುರಾನಾ ಮಂದಿರ್’.

┃ ಬಾಕ್ಸ್: ಸಾಮ್ರಿ ಒಬ್ಬ ಎಂಜಿನಿಯರ್
┃ ಸಾಮ್ರಿಯಾಗಿ ಕಾಣಿಸಿಕೊಂಡ ಅನಿರುದ್ಧ್ ಅಗರ್ವಾಲ್ (ಟೈಟಲ್ಲಿನಲ್ಲಿ ಅಜಯ್ ಅಗರ್ವಾಲ್) ರೂರ್ಕಿಯಲ್ಲಿ ಓದಿದ ಸಿವಿಲ್ ಎಂಜಿನಿಯರ್. ಆರಡಿ ಮೀರಿದ ಎತ್ತರ, ಉದ್ದ ಮುಖ, ಗುಳಿಬಿದ್ದ ಕಣ್ಣು. ಮೇಕಪ್ಪಿನವರ ಅರ್ಧ ಕೆಲಸವನ್ನು ದೇವರೇ ಮಾಡಿಟ್ಟಿದ್ದ.
┃ 1985ರಲ್ಲಿ ‘ಸಾಮ್ರಿ’ ಹೆಸರಿನದೇ 3ಡಿ ಸಿನಿಮಾ ಬಂತು. ‘ಬಂದ್ ದರ್ವಾಜಾ’ದ (1990) ರಕ್ತಪಿಪಾಸುವೂ ಇವರೇ.
┃ 1994ರ ‘ಬ್ಯಾಂಡಿಟ್ ಕ್ವೀನ್’ನಲ್ಲಿ ಬಾಬು ಗುಜ್ಜರ್, ಅದೇ ವರ್ಷ ಹಾಲಿವುಡ್ಡಿನ ‘ದಿ ಜಂಗಲ್ ಬುಕ್’ನಲ್ಲಿ ತಬಾಕಿ.

ಮೊದಲು ದೇವರದು, ಕಡೀಕ ದೆವ್ವಂದು

1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೇಶಕ್ಕೆ ಕಲರ್ ಟಿ.ವಿ. ಬಂತು. ಬೆನ್ನಿಗೇ ವಿಸಿಆರ್. ಕೊಳ್ಳುವ ತಾಕತ್ತು ಊರಿಗೆ ಒಬ್ಬರಿಗಿದ್ದರೆ ಹೆಚ್ಚು. ಹಾಗಾಗಿ ಪಟ್ಟಿ ಎತ್ತಿ ಬಾಡಿಗೆಗೆ ತರುವುದೇ ರೂಢಿಯಾಯಿತು. ಟಿ.ವಿ., ವಿಸಿಆರ್, ಮೂರು ಕ್ಯಾಸೆಟ್ಟು, ಜೊತೆಗೊಬ್ಬ ಹುಡುಗ. ಇಷ್ಟೂ ಸೇರಿ ‘ವಿಡಿಯೊ’. “ಇವತ್ತ ರಾತ್ರಿ ವಿಡಿಯೊ ಐತಿ” ಅಂದರೆ ಸಾಕು, ಪಕ್ಕದ ಊರವರೂ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು.

ಮೂರು ಕ್ಯಾಸೆಟ್ಟಿಗೊಂದು ಅನುಕ್ರಮವಿತ್ತು. ಮೊದಲು ದೇವರದು, ಹಿರಿಯರು, ಹೆಂಗಸರು ಕೂತಿರುತ್ತಾರೆ. ಆಮೇಲೆ ರಾಜಕುಮಾರ್ ಅಥವಾ ವಿಷ್ಣುವರ್ಧನ್. ಅಷ್ಟರಲ್ಲಿ ಹೊತ್ತಾಗಿ ಅರ್ಧ ಮಂದಿ ಮನೆಗೆ ಹೋದ ಮೇಲೆ ಹಿಂದಿಯದು, ಫೈಟಿಂಗಿನದು ಇಲ್ಲವೇ ದೆವ್ವದ್ದು. ‘ವಯಸ್ಕರಿಗೆ ಮಾತ್ರ’ ಎಂದು ಸೆನ್ಸಾರಿನವರು ಹಾಕಿದ ಮೊಹರಿಗೆ ಹಳ್ಳಿ ತಾನೇ ಕಂಡುಕೊಂಡ ಪರ್ಯಾಯ ಈ ಅನುಕ್ರಮ. ನಿದ್ದೆ ಬಂದವನು ಮಗು, ಎಚ್ಚರ ಇದ್ದವನು ವಯಸ್ಕ.

ಕಾನೂನಿಗೆ ಇದೆಲ್ಲ ಒಪ್ಪಿತವಾಗಿತ್ತೇ? ಇರಲಿಲ್ಲ. ಮನೆಯಲ್ಲಿ ನೋಡಲು ಕೊಟ್ಟ ಕ್ಯಾಸೆಟ್ಟನ್ನು ಊರ ಮುಂದೆ ಹಾಕುವಂತಿಲ್ಲ. ಅದರಲ್ಲೂ ಆ ಕ್ಯಾಸೆಟ್ಟುಗಳಲ್ಲಿ ಬಹುಪಾಲು ‘ಡುಪ್ಲಿಕೇಟ್’. ವಿಡಿಯೊ ಪಾರ್ಲರುಗಳೂ ಸಿನಿಮಾ ಕಾಯ್ದೆಯಡಿ ಲೈಸೆನ್ಸು ಪಡೆಯಬೇಕು ಎಂದು ಸುಪ್ರೀಂ ಕೋರ್ಟು ಹೇಳಿದ್ದು 1993ರಲ್ಲಿ. ಅಷ್ಟರೊಳಗೆ ಸಾಮ್ರಿ ಊರೆಲ್ಲ ತಿರುಗಿ ಮುಗಿಸಿದ್ದ.

ಮೊದಲನೆಯ ಕ್ಯಾಸೆಟ್ಟಿನ ಅಡುಗೆ

ನರಮಾಂಸದ ಮಾತು ಆ ಪೌಳಿಗೆ ಹೊಸದೇ? ಪಂಚಾಂಗ ತೆಗೆದು ನೋಡಿ. ನಾಗರ ಪಂಚಮಿಯ ಮರುದಿನ, ಶ್ರಾವಣ ಶುದ್ಧ ಷಷ್ಠಿಯ ಎದುರಿಗೆ ‘ಸಿರಿಯಾಳ ಷಷ್ಠಿ’ ಎಂದಿರುತ್ತದೆ.

ಸಿರಿಯಾಳನ ಕಥೆ ಈ ಭಾಗದಲ್ಲಿ ಗೊತ್ತಿಲ್ಲದವರಿಲ್ಲ. ಕಂಚಿಯ ಶಿವಭಕ್ತ. ಜಂಗಮನ ವೇಷದಲ್ಲಿ ಬಂದ ಶಿವ ಕೇಳುವ ಊಟ ಎಂಥದ್ದು? ಮನೆಯ ಒಬ್ಬನೇ ಮಗ ಚೀಲಾಳನ ಮಾಂಸ. ತಂದೆ-ತಾಯಿ ಇಬ್ಬರೂ ಒಪ್ಪುತ್ತಾರೆ. ಕಡಿದು ಬೇಯಿಸಿ ಬಡಿಸುತ್ತಾರೆ. ಅಷ್ಟಕ್ಕೂ ಮುಗಿಯದು, ಮಗನೂ ಪಂಕ್ತಿಗೆ ಬರಬೇಕು, ಕರೆ ಎನ್ನುತ್ತಾನೆ ಅತಿಥಿ. ತಾಯಿ ಕರೆಯುತ್ತಾಳೆ, ಮಗ ಓಡಿ ಬರುತ್ತಾನೆ. ಮರಾಠಿಯಲ್ಲಿ ಶ್ರೀಧರ ಕವಿ ‘ಶಿವಲೀಲಾಮೃತ’ದಲ್ಲಿ ಹೇಳಿದ ರೂಪ ಇನ್ನೂ ಕಠೋರ. ತಲೆಯನ್ನು ಬಿಟ್ಟು ಅಡುಗೆ ಮಾಡಿದ್ದಾಳೆಂದು ಅತಿಥಿ ಸಿಟ್ಟಾಗುತ್ತಾನೆ. ತಾಯಿ ಆ ತಲೆಯನ್ನು ಒರಳಿಗೆ ಹಾಕಿ ಕುಟ್ಟುತ್ತ ಹಾಡುತ್ತಾಳೆ. ಯಾವ ಹಾರರ್ ಚಿತ್ರದವನಿಗೂ ಇದನ್ನು ಬರೆಯುವ ಧೈರ್ಯ ಬಂದದ್ದನ್ನು ನಾನು ಕಾಣೆ.

ಬಸವಣ್ಣನವರ ವಚನಗಳಲ್ಲೂ ಸಿರಿಯಾಳ ಬರುತ್ತಾನೆ. 1980ರಲ್ಲಿ ಹುಣಸೂರು ಕೃಷ್ಣಮೂರ್ತಿ ಇದೇ ಕಥೆಯನ್ನು ‘ಭಕ್ತ ಸಿರಿಯಾಳ’ ಎಂದು ತೆಗೆದರು. ಲೋಕೇಶ್ ಸಿರಿಯಾಳ, ಆರತಿ ಮಡದಿ. ಮನೆಮಂದಿಯೆಲ್ಲ ಕೂತು ನೋಡುವ ಭಕ್ತಿಚಿತ್ರ. ರಾತ್ರಿಯ ಮೊದಲನೆಯ ಕ್ಯಾಸೆಟ್ಟಿಗೆ ಹೇಳಿ ಮಾಡಿಸಿದ್ದು.

ಈಗ ಆ ರಾತ್ರಿಯನ್ನು ಇನ್ನೊಮ್ಮೆ ಲೆಕ್ಕ ಹಾಕಿ. ಒಂಬತ್ತು ಗಂಟೆಯ ಸಿನಿಮಾದಲ್ಲಿ ಮಗುವಿನ ಮಾಂಸ ಬೇಯುತ್ತದೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ, ಕೈ ಮುಗಿಯುತ್ತಾರೆ. ಎರಡು ಗಂಟೆಯ ಸಿನಿಮಾದಲ್ಲಿ ಮಗುವನ್ನು ತಿಂದವನ ವಿಚಾರಣೆ ನಡೆಯುತ್ತದೆ. ಗಂಡಸರು ಕೌದಿ ಮುಖದ ಮೇಲೆ ಎಳೆದುಕೊಳ್ಳುತ್ತಾರೆ. ಎರಡೂ ಕಡೆ ಹೋದದ್ದು ಮಕ್ಕಳ ಜೀವವೇ. ಸಿರಿಯಾಳನ ಮನೆಗೆ ಬಂದವನು ಮಗುವನ್ನು ತಿರುಗಿ ಕೊಡುತ್ತಾನೆ, ಸಾಮ್ರಿ ಕೊಡುವುದಿಲ್ಲ. ಫರಕು ಅಷ್ಟೇ ಎಂದರೆ ಯಾರಾದರೂ ಸಿಟ್ಟಾಗಬಹುದು. ಆದರೆ ಇಷ್ಟಂತೂ ನಿಜ: ಮನುಷ್ಯರನ್ನು ತಿನ್ನುವ ಕಥೆ ಕೇಳಿ ಬೆಚ್ಚಿಬೀಳಲು ನಮ್ಮ ಹಳ್ಳಿಗೆ ಹೊರಗಿನ ಪಾಠ ಬೇಕಿರಲಿಲ್ಲ.

ಇನ್ನು ಬಕಾಸುರ. ಏಕಚಕ್ರಪುರದವರು ಸರದಿಯ ಮೇಲೆ ಬಂಡಿ ಅನ್ನ, ಎಳೆಯುವ ಕೋಣ, ಹೊಡೆಯುವ ಮನುಷ್ಯ, ಮೂರನ್ನೂ ಅವನ ಬಾಯಿಗೆ ಕಳಿಸಬೇಕು. ಆ ಕಥೆಯನ್ನು ಕನ್ನಡದ ಮನೆಮನೆಗೆ ಮುಟ್ಟಿಸಿದ ಕುಮಾರವ್ಯಾಸನ ಊರು ಕೋಳಿವಾಡ, ಇದೇ ಧಾರವಾಡ ಜಿಲ್ಲೆಯದು. ಬಯಲಾಟದಲ್ಲಿ ಬಕಾಸುರ ಬಂದರೆ ಮಕ್ಕಳು ಅಳುತ್ತವೆ. ಭೀಮ ಬಂಡಿಯ ಮೇಲೆ ಕೂತು ಅವನ ಅನ್ನವನ್ನೆಲ್ಲ ತಾನೇ ಬಾರಿಸತೊಡಗಿದರೆ ಅವೇ ಮಕ್ಕಳು ನಗುತ್ತವೆ. ಹೆದರಿಸಿ ನಗಿಸುವ ಈ ಕಸುಬು ರಾಮ್ಸೆಯವರಿಗೂ ಗೊತ್ತಿತ್ತು. ನಡುನಡುವೆ ಜಗದೀಪ್‌ರನ್ನು ‘ಮಚ್ಛರ್ ಸಿಂಗ್’ ಮಾಡಿ ‘ಶೋಲೆ’ಯ ಗಬ್ಬರ್‌ನನ್ನು ಅಣಕಿಸಿದರು. ಆ ಗಬ್ಬರ್‌ನ ಅಡ್ಡೆ ಇದ್ದದ್ದು ನಮ್ಮ ರಾಮನಗರದ ಬೆಟ್ಟದಲ್ಲಿ ಎಂಬುದು ಬೇರೆ ಮಾತು.

ಕೆಂಪು ಹರಡುವ ರೀತಿ

ಸಾಮ್ರಿ ಮಾಂಸ ತಿನ್ನುವುದನ್ನು ನೋಡಿದೆ ಎಂದು ಆಣೆ ಮಾಡುವವರು ಈಗಲೂ ಸಿಗುತ್ತಾರೆ. ಅವರ ಕಣ್ಣಿಗೆ ಬಿದ್ದದ್ದಾದರೂ ಏನು? ಸಿನಿಮಾದಲ್ಲಿ ಆ ಭಕ್ಷಣೆಯೆಲ್ಲ ಬಹುತೇಕ ದೋಷಾರೋಪ ಓದುವವನ ಬಾಯಲ್ಲೇ ಮುಗಿದುಹೋಗುತ್ತದೆ. ಕಾಣಿಸುವುದು ಮುಖ, ಕೆಂಪು ಕಣ್ಣು, ಹೊಗೆ, ಕಿರುಚು.

ಕಾಣದ್ದನ್ನು ಕಾಣಿಸಿದ ಕೀರ್ತಿಯಲ್ಲಿ ಕ್ಯಾಸೆಟ್ಟಿಗೂ ಪಾಲಿದೆ.

ವಿಎಚ್‌ಎಸ್ ಟೇಪಿನ ಅಗಲ ಅರ್ಧ ಇಂಚು. ನಮ್ಮಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ಯಂತ್ರದೊಳಗೆ ಒಂದು ಲೋಹದ ಡ್ರಮ್ಮು ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಅದರ ಅಂಚಿನ ಪುಟ್ಟ ‘ಹೆಡ್’ಗಳು ಟೇಪನ್ನು ಓರೆಯಾಗಿ ಸವರಿ ಚಿತ್ರ ಓದುತ್ತವೆ. ಅಡ್ಡಡ್ಡ ಲೆಕ್ಕಕ್ಕೆ ಸುಮಾರು 240 ಗೆರೆಯಷ್ಟೇ ವಿವರ. ಬೆಳಕು-ನೆರಳಿಗೆ ಒಂದಿಷ್ಟು ಜಾಗ ಸಿಗುತ್ತದೆ, ಬಣ್ಣದ ಪಾಲಿಗೆ ಅದಕ್ಕಿಂತ ತೀರಾ ಕಡಿಮೆ. ಆದ್ದರಿಂದ ಬಣ್ಣ ತನ್ನ ಗೆರೆಯೊಳಗೆ ನಿಲ್ಲುವುದಿಲ್ಲ; ಎಲ್ಲಕ್ಕಿಂತ ಎದ್ದು ಕಾಣುವಂತೆ ಹರಡುವುದು ಕೆಂಪು.

ಹುಬ್ಬಳ್ಳಿಯ ಅಂಗಡಿಗೆ ಬರುವ ಹೊತ್ತಿಗೇ ಅದು ಕಾಪಿಯ ಕಾಪಿ. ಒಂದೊಂದು ಸಲ ಇಳಿಸಿದಾಗಲೂ ಒಂದಿಷ್ಟು ವಿವರ ಸೋರಿ ಹೋಗುತ್ತದೆ. ಸಾಮ್ರಿಯ ಮುಖದ ರಬ್ಬರು ಎಲ್ಲಿ ಮುಗಿಯಿತು, ಚರ್ಮ ಎಲ್ಲಿ ಶುರುವಾಯಿತು ಎಂಬುದು ತಿರ್ಲಾಪುರದ ಟಿ.ವಿ.ಯಲ್ಲಿ ಗೊತ್ತೇ ಆಗದು. ಬಾಯ ಸುತ್ತಲಿನ ಒಂದು ಹನಿ ಕೆಂಪು ಗದ್ದದ ತನಕ ಇಳಿದಿರುತ್ತದೆ. ನಿರ್ದೇಶಕನೂ ಹಾಕದ ರಕ್ತ ಅದು, ಟೇಪು ಹಾಕಿದ ರಕ್ತ.

ಎರೆಭೂಮಿಯ ಧೂಳು ಬೇರೆ. ಹೆಡ್ ಹೊಲಸಾದರೆ ಚಿತ್ರದ ಮೇಲೆ ಬಿಳಿ ಹಿಮ ಸುರಿಯತೊಡಗುತ್ತದೆ. ಮಂದಿ ಸಿಳ್ಳೆ ಹಾಕುತ್ತಾರೆ. ಕಾವಲು ಕೂತ ಹುಡುಗ ಮುಚ್ಚಳ ಬಿಚ್ಚಿ, ನುಣುಪು ಕಾಗದಕ್ಕೆ ಸ್ಪಿರಿಟ್ ಹಚ್ಚಿ, ಡ್ರಮ್ಮನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸುತ್ತ ಒರೆಸುತ್ತಾನೆ. ಅಡ್ಡಡ್ಡ ಒರೆಸಬೇಕು; ಮೇಲೆ-ಕೆಳಗೆ ಉಜ್ಜಿದರೆ ಹೆಡ್ ಕಿತ್ತು ಬರುತ್ತದೆ, ಆ ಸೀಜನ್ನಿನ ಗಳಿಕೆ ಅಲ್ಲಿಗೆ ಮುಗಿಯಿತು. ಊರವರೆಲ್ಲ ಉಸಿರು ಹಿಡಿದು ನೋಡುತ್ತಿದ್ದ ಗಳಿಗೆ ಅದು. ಅದರ ಮುಂದೆ ಸಾಮ್ರಿಯೂ ಸಪ್ಪೆ.

ಕರೆಂಟ್ ಹೋದರೆ ಇನ್ನೂ ಚಂದ. ಸರಿಯಾಗಿ ಪೆಟ್ಟಿಗೆಯ ಮುಚ್ಚಳ ಅಲುಗುವಾಗಲೇ ಹೋಗುತ್ತಿತ್ತು ಎಂದು ಎಲ್ಲರೂ ಹೇಳುತ್ತಾರೆ. ಎಲ್ಲ ಊರಲ್ಲೂ ಅದೇ ದೃಶ್ಯಕ್ಕೇ ಹೋಗಿರಲಿಕ್ಕಿಲ್ಲ. ಆದರೆ ಕತ್ತಲಲ್ಲಿ ಕಳೆದ ಆ ಅರ್ಧ ತಾಸಿನಲ್ಲಿ ಪೌಳಿಯವರು ಒಬ್ಬರಿಗೊಬ್ಬರು ಹೇಳಿಕೊಂಡ ಕಥೆಗೆ ಯಾವ ಸೆನ್ಸಾರೂ ಇರಲಿಲ್ಲ.

┃ ಬಾಕ್ಸ್: ಒಂದೇ ವರ್ಷ, 1984
┃ ಮುಂಬಯಿಯಲ್ಲಿ ‘ಪುರಾನಾ ಮಂದಿರ್’ ಬಂತು.
┃ ದೆಹಲಿಯಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಗಿ, ವಿಡಿಯೊ ಕಳ್ಳಕಾಪಿಗೆ ಕಠಿಣ ಶಿಕ್ಷೆ ಸೇರಿತು.
┃ ಲಂಡನ್ನಿನಲ್ಲಿ, ಮನೆಯೊಳಗಿನ ಕ್ಯಾಸೆಟ್ಟಿಗೂ ಸೆನ್ಸಾರ್ ಕಡ್ಡಾಯ ಮಾಡುವ ವಿಡಿಯೊ ರೆಕಾರ್ಡಿಂಗ್ಸ್ ಕಾಯ್ದೆ ಪಾಸಾಯಿತು. ಈ ಕಾಯ್ದೆಯನ್ನು ಯುರೋಪಿಯನ್ ಆಯೋಗಕ್ಕೆ ತಿಳಿಸುವುದೇ ಮರೆತುಹೋಗಿತ್ತು ಎಂಬುದು ಬಯಲಾದದ್ದು 2009ರಲ್ಲಿ! 2010ರಲ್ಲಿ ಮತ್ತೆ ಪಾಸು ಮಾಡಿಕೊಂಡರು.

ಅತ್ತ ಟೆಕ್ಸಸ್, ಇತ್ತ ಇಟಲಿ

ಬ್ರಿಟನ್ನಿನಲ್ಲಿ ಆಗ ಕ್ಯಾಸೆಟ್ಟು ಕಂಡರೆ ಪೊಲೀಸರಿಗೆ ಮೈಯೆಲ್ಲ ಉರಿ. ಅಶ್ಲೀಲ ಎಂದು ಸರ್ಕಾರಿ ವಕೀಲರು ಪಟ್ಟಿ ಮಾಡಿದ ಸಿನಿಮಾಗಳು ಒಟ್ಟು 72. ಕೋರ್ಟಿನಲ್ಲಿ ಸೋತವು 39. ಅವುಗಳಲ್ಲಿ ನರಮಾಂಸದ ಇಟಲಿ ಚಿತ್ರಗಳದೇ ಒಂದು ಗುಂಪು: ‘ಕ್ಯಾನಿಬಲ್ ಹೋಲೊಕಾಸ್ಟ್’, ‘ಕ್ಯಾನಿಬಲ್ ಫೆರಾಕ್ಸ್’, ‘ಆಂತ್ರೊಪೊಫೇಗಸ್’.

‘ಕ್ಯಾನಿಬಲ್ ಹೋಲೊಕಾಸ್ಟ್’ (1980) ತೆಗೆದ ರುಜ್ಜೆರೊ ದೆಯೊದಾತೊ ಇಟಲಿಯ ಕೋರ್ಟಿನ ಮುಂದೆ ನಿಲ್ಲಬೇಕಾಯಿತು. ಕಾಡಿನಲ್ಲಿ ಕಾಣೆಯಾದವರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯ ಎಂಬಂತೆ ಚಿತ್ರ ತೆಗೆದದ್ದರಿಂದ, ನಟರನ್ನು ನಿಜಕ್ಕೂ ಕೊಂದೇಬಿಟ್ಟಿದ್ದಾನೆ ಎಂಬ ಗುಮಾನಿ ಹುಟ್ಟಿತು. ನಟರು ಬದುಕಿದ್ದಾರೆಂದು ಆತ ತೋರಿಸಬೇಕಾಯಿತು. ಮನುಷ್ಯರು ಬದುಕಿದ್ದರು ನಿಜ, ಕ್ಯಾಮೆರಾದ ಮುಂದೆ ಕೊಂದ ಪ್ರಾಣಿಗಳು ಮಾತ್ರ ನಿಜವಾಗಿಯೂ ಸತ್ತವು. ಆ ಚಿತ್ರವನ್ನು ನಾನು ಮೆಚ್ಚಲಾರೆ. ಹೆದರಿಸುವ ಕಲೆ ಗೊತ್ತಿಲ್ಲದವನು ಚೂರಿ ಎತ್ತಿಕೊಂಡ ಹಾಗಿದೆ.

ಟೋಬಿ ಹೂಪರ್ ಬೇರೆ ಕುಲದವ. 1973ರ ಬೇಸಿಗೆಯಲ್ಲಿ ಟೆಕ್ಸಸ್ಸಿನ ರೌಂಡ್ ರಾಕ್ ಹತ್ತಿರದ ಹಳೆಯ ಮನೆಯಲ್ಲಿ, 16 ಎಂ.ಎಂ. ಫಿಲಮ್ಮಿನಲ್ಲಿ, ಕೈಯಲ್ಲಿದ್ದ ಚಿಲ್ಲರೆ ಕಾಸಿನಲ್ಲಿ ‘ದಿ ಟೆಕ್ಸಸ್ ಚೈನ್ ಸಾ ಮ್ಯಾಸಕರ್’ ತೆಗೆದ. ಕಸಾಯಿಖಾನೆಯ ಕೆಲಸ ಕಳೆದುಕೊಂಡ ಒಂದು ಕುಟುಂಬ. ದಾರಿಹೋಕರೇ ಅವರ ಮಾಂಸ. ಊಟದ ಮೇಜಿನ ದೃಶ್ಯವನ್ನು ಒಂದು ದಿನಕ್ಕೂ ಹೆಚ್ಚು ಹೊತ್ತು ಬಿಡದೆ ತೆಗೆದರು. ಕಿಟಕಿಗೆ ಕಪ್ಪು ಬಟ್ಟೆ, ಉರಿಯುವ ದೀಪ, ಮೇಜಿನ ಮೇಲೆ ಕೊಳೆಯುತ್ತಿದ್ದ ಮಾಂಸ. ನಟರು ಹೊರಗೆ ಓಡಿ ವಾಂತಿ ಮಾಡಿ ಬಂದು ಮತ್ತೆ ನಟಿಸುತ್ತಿದ್ದರು.

ಇಷ್ಟೆಲ್ಲ ಮಾಡಿಯೂ ಹೂಪರ್ ತೋರಿಸಿದ ರಕ್ತ ತೀರಾ ಕಡಿಮೆ. ಮಕ್ಕಳೂ ನೋಡಬಹುದಾದ ಸರ್ಟಿಫಿಕೇಟು ಸಿಗಲಿ ಎಂಬ ಆಸೆ ಅವನಿಗಿತ್ತು! ಸಿಗಲಿಲ್ಲ. ಲಂಡನ್ನಿನ ಸೆನ್ಸಾರಿನವರು ಪೂರ್ಣ ಚಿತ್ರವನ್ನು ಒಪ್ಪಿದ್ದು 1999ರಲ್ಲಿ. ಎಲ್ಲಿ ಕತ್ತರಿ ಹಾಕಬೇಕೆಂದೇ ತಿಳಿಯದಂಥ ಸಿನಿಮಾ. ಕತ್ತರಿಸಲು ಅಲ್ಲಿ ಏನೂ ಇಲ್ಲ, ಇರುವುದೆಲ್ಲ ನೋಡುವವನ ತಲೆಯೊಳಗೆ. 2024ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ರಾಷ್ಟ್ರೀಯ ಚಿತ್ರಸಂಪತ್ತಿನ ಪಟ್ಟಿಗೆ ಸೇರಿಸಿಕೊಂಡಿತು.

ಭಾರತದಲ್ಲಿ ಈ ದಾರಿ ಹಿಡಿದವರು ಕಡಿಮೆ. ಅಸ್ಸಾಮಿನ ಭಾಸ್ಕರ್ ಹಜಾರಿಕಾ 2019ರಲ್ಲಿ ತೆಗೆದ ‘ಆಮಿಸ್’ ನೋಡಬೇಕಾದದ್ದು. ಮಾಂಸಾಹಾರದ ಬಗ್ಗೆ ಸಂಶೋಧನೆ ಮಾಡುವ ಹುಡುಗ, ಮದುವೆಯಾದ ಡಾಕ್ಟರಮ್ಮ, ಇಬ್ಬರ ನಡುವೆ ಬಗೆಬಗೆಯ ಅಡುಗೆ, ಮುಟ್ಟದ ಪ್ರೀತಿ. ಕೊನೆಗೆ ಅವನು ತನ್ನ ಮೈಯ ತುಣುಕನ್ನೇ ಬೇಯಿಸಿ ಕೊಡುತ್ತಾನೆ. ಸಿರಿಯಾಳನನ್ನು ಬಲ್ಲವರಿಗೆ ಈ ಅಡುಗೆಮನೆ ಪರಿಚಿತವೇ.

ಈಗ ನೋಡುವವರಿಗೆ

1993ರಲ್ಲಿ ‘ಝೀ ಹಾರರ್ ಶೋ’ ಶುರುವಾಯಿತು. ತೆಗೆದವರು ಅದೇ ರಾಮ್ಸೆಗಳು. ದೆವ್ವ ವಾರಕ್ಕೊಮ್ಮೆ ಮನೆಗೇ ಬರತೊಡಗಿದ ಮೇಲೆ ಪಟ್ಟಿ ಎತ್ತುವ ಗರಜು ಉಳಿಯಲಿಲ್ಲ. ಆಮೇಲೆ ಸಿ.ಡಿ., ಡಿಶ್, ಮೊಬೈಲು. ಜಪಾನಿನ ಫುನಾಯ್ ಕಂಪನಿ ವಿಸಿಆರ್ ತಯಾರಿಕೆ ನಿಲ್ಲಿಸಿದ್ದು 2016ರ ಜುಲೈನಲ್ಲಿ. ಅಲ್ಲಿಯವರೆಗೂ ಯಾರೋ ಮಾಡುತ್ತಿದ್ದರು ಎಂಬುದೇ ಸೋಜಿಗ. ತುಳಸಿ ರಾಮ್ಸೆ 2018ರಲ್ಲಿ, ಶ್ಯಾಮ್ 2019ರಲ್ಲಿ, ಕ್ಯಾಮೆರಾದ ಗಂಗು 2024ರಲ್ಲಿ ತೀರಿಕೊಂಡರು. ಬಿಜಾಪುರವೂ 2014ರ ನವೆಂಬರ್ 1ರಿಂದ ವಿಜಯಪುರವಾಯಿತು.

ಸಾಮ್ರಿಗೆ ಮಾತ್ರ ಸಾವಿಲ್ಲ. ಮೊಂಡೊ ಮಕಾಬ್ರೊ ಎಂಬ ವಿದೇಶಿ ಸಂಸ್ಥೆ ‘ಪುರಾನಾ ಮಂದಿರ್’ ಅನ್ನು ಮೊದಲು ಡಿವಿಡಿಯಲ್ಲಿ, ಆಮೇಲೆ ಬ್ಲೂ-ರೇಯಲ್ಲಿ ಹೊರತಂದಿತು. ಲಂಡನ್ನು, ನ್ಯೂಯಾರ್ಕಿನ ಹಾರರ್ ಹುಚ್ಚರು ಅದನ್ನು ದುಡ್ಡು ಕೊಟ್ಟು ಕೊಂಡು ಕಪಾಟಿನಲ್ಲಿ ಜೋಡಿಸುತ್ತಾರೆ. ನಮ್ಮವರು ಫೋನಿನಲ್ಲಿ ಪುಕ್ಕಟೆ ನೋಡುತ್ತಾರೆ.

ಶುದ್ಧ ಚಿತ್ರದಲ್ಲಿ ಎಲ್ಲವೂ ಕಾಣುತ್ತದೆ. ಅಂಟಿಸಿದ ರಬ್ಬರಿನ ಅಂಚು, ಹೊಗೆಯ ಯಂತ್ರ, ಅತ್ತ ನೀಲಿ ಇತ್ತ ಕೆಂಪು ಲೈಟು. ಹೆದರಿಕೆ ಅರ್ಧಕ್ಕರ್ಧ ಇಳಿಯುತ್ತದೆ. ಬದಲಿಗೆ ಕ್ಯಾಸೆಟ್ಟಿನಲ್ಲಿ ಕಾಣದೇ ಹೋಗಿದ್ದ ಒಂದು ಸಂಗತಿ ಎದ್ದು ಬರುತ್ತದೆ: ಗಂಗು ರಾಮ್ಸೆಯ ಬೆಳಕು. ಕಂಬದ ಹಿಂದಿನಿಂದ ನೀಲಿ ಬೆಳಕು ಬಿಟ್ಟು, ಮುಂದೆ ಮಂಜು ತುಂಬಿ, ಮೂರು ಗೋಡೆಯ ಹವೇಲಿಗೆ ಮೂವತ್ತು ಕೋಣೆಯ ಆಳ ತರುವ ಕೈಚಳಕ. ದೋಣಿಮನೆಯ ಪುಸ್ತಕ ಓದಿದ್ದು ವ್ಯರ್ಥವಾಗಿರಲಿಲ್ಲ.

ನೋಡಬೇಕೆನಿಸಿದರೆ ಮೊದಲ ಇಪ್ಪತ್ತು ನಿಮಿಷ ಕದಲದೆ ಕೂತು ನೋಡಿ. ಸಾಮ್ರಿಯ ವಿಚಾರಣೆ, ಶಿಕ್ಷೆ, ಶಾಪ ಎಲ್ಲ ಅಲ್ಲೇ ಇದೆ. ಹಾಡು ಬಂದರೆ ಓಡಿಸಿ. ಮಚ್ಛರ್ ಸಿಂಗ್ ಬಂದಾಗ ಎದ್ದು ಹೋಗಿ ಚಹಾ ಮಾಡಿಕೊಂಡು ಬರಬಹುದು; ಎರಡು ಕಪ್ಪಿಗಾಗುವಷ್ಟು ಹೊತ್ತಿದೆ.